ಎತ್ತುಗಳನ್ನು ಮೆಚ್ಚುವವರು ಬೇಕೋ, ಎತ್ತುಗಳ ಗಡಿಯಾರವನ್ನು ಒಪ್ಪುವವರು ಬೇಕೋ?

ಪ್ರಶ್ನೆ: ನನಗೆ 34 ವರ್ಷ. ನಾಲ್ಕು ಎಕರೆಯಲ್ಲಿ ತರಕಾರಿ, ಕಾಳು ಬೆಳೆಯುತ್ತೇನೆ. ಟ್ರ್ಯಾಕ್ಟರ್ ಇಲ್ಲ. ಉಳುಮೆ, ಕುಂಟೆ ಹೊಡೆಯುವುದು, ಸಾಗಣೆ ಎಲ್ಲವೂ ಕೆಂಚ, ಬಿಳಿಯ ಎಂಬ ಜೋಡಿ ಎತ್ತು ಮತ್ತು ತಾರೆ ಎಂಬ ಕುದುರೆಯಿಂದ ನಡೆಯುತ್ತದೆ. ಇದಕ್ಕಾಗಿಯೇ ಎರಡು ಸಂಬಂಧಗಳು ಮುರಿದವು. ಮೊದಲನೆಯವರಿಗೆ ಕೊಟ್ಟಿಗೆಯ ವಾಸನೆಯೇ ಆಗುತ್ತಿರಲಿಲ್ಲ. ಎರಡನೆಯವರು ಮೊದಮೊದಲು ಖುಷಿಯಿಂದ ಕೈಜೋಡಿಸಿದರು. ಒಂದೂವರೆ ವರ್ಷದ ನಂತರ "ಈ ಮನೆಯಲ್ಲಿ ನಾನು ನಾಲ್ಕನೆಯವನು" ಎಂದು ಹೇಳಿ ಹೊರಟರು. ನನ್ನ ಕೆಲಸವನ್ನು ಬೆಂಬಲಿಸುವ ಸಂಗಾತಿ ಸಿಗುವುದುಂಟೇ? ಅಥವಾ ಎಲ್ಲವನ್ನೂ ಮಾರಿ ಟ್ರ್ಯಾಕ್ಟರ್ ಕೊಳ್ಳಲೇ?

ಉತ್ತರ: ನಿಮ್ಮ ಪತ್ರ ಇದಕ್ಕಿಂತ ಬಹಳ ಉದ್ದವಿತ್ತು, ಇಲ್ಲಿ ಮೊಟಕುಗೊಳಿಸಿದ್ದೇನೆ. ಎರಡು ಸಲ ಓದಿದೆ. ಎತ್ತುಗಳ ವಯಸ್ಸು, ಯಾವುದನ್ನು ಎಡಕ್ಕೆ ಹೂಡಬೇಕು, ಯಾವುದಕ್ಕೆ ಹೆಗಲು ಬೇಗ ಬಾಯುತ್ತದೆ, ಕುದುರೆ ಯಾವ ತಿರುವಿನಲ್ಲಿ ಬೆದರುತ್ತದೆ, ಎಲ್ಲವನ್ನೂ ಬರೆದಿದ್ದೀರಿ. ಬಿಟ್ಟುಹೋದ ಇಬ್ಬರು ಏನು ಕೆಲಸ ಮಾಡುತ್ತಿದ್ದರು, ಅವರಿಗೆ ಏನು ಇಷ್ಟವಿತ್ತು ಎಂಬ ಬಗ್ಗೆ ಒಂದು ಸಾಲೂ ಇಲ್ಲ. ನಿಮ್ಮನ್ನು ಹಂಗಿಸಲು ಹೇಳುತ್ತಿಲ್ಲ. ಪ್ರಾಣಿಗಳೊಂದಿಗೆ ದುಡಿಯುವವರು ನನಗೆ ಬರೆಯುವ ಪತ್ರಗಳೆಲ್ಲ ಹೀಗೆಯೇ ಇರುತ್ತವೆ. ಮದುವೆಗೆ ಮುಂಚೆ ನಾನು ಬರೆಯುತ್ತಿದ್ದ ಪತ್ರಗಳೂ ಹೀಗೆಯೇ ಇದ್ದವು.

ವಾಸನೆಯ ಮಾತನ್ನು ಬಿಟ್ಟುಬಿಡೋಣ. ಸಗಣಿ ವಾಸನೆ ಆಗದವರಿಗೆ ಆಗುವುದಿಲ್ಲ, ಅದರಲ್ಲಿ ತಪ್ಪು ಯಾರದೂ ಇಲ್ಲ. ಯೋಚಿಸಬೇಕಾದದ್ದು ಎರಡನೆಯವರ ಮಾತು. ಅವರು ಎತ್ತುಗಳನ್ನು ದೂರಲಿಲ್ಲ, ಒಂದೂವರೆ ವರ್ಷ ಅವುಗಳ ಜೊತೆ ದುಡಿದರು. ಅವರು ಹೇಳಿದ್ದು ಸರದಿಯ ವಿಷಯ. ದಿನದ ಹೊತ್ತನ್ನು ಹಂಚುವಾಗ ತನ್ನ ಪಾಲು ಎಲ್ಲರಿಗೂ ಆದ ಮೇಲೆ ಉಳಿದದ್ದು ಎಂದು ಅವರಿಗೆ ಅನ್ನಿಸಿತು.

"ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು" ಎಂಬ ಗಾದೆಯನ್ನು ಹೊಂದದ ಜೋಡಿಗಳ ಬಗ್ಗೆ ಎಲ್ಲರೂ ಹೇಳುತ್ತಾರೆ. ಹೇಳುವವರೆಲ್ಲ ಕೋಣವನ್ನೇ ಮೊಂಡ ಎಂದುಕೊಳ್ಳುತ್ತಾರೆ. ನಿಜ ಸಂಗತಿ ಬೇರೆ. ಕೋಣದ ಚರ್ಮ ಕಪ್ಪು, ಅದರಲ್ಲಿ ಬೆವರಿನ ಗ್ರಂಥಿಗಳು ಎತ್ತಿಗಿಂತ ಬಹಳ ಕಡಿಮೆ. ಬಿಸಿಲೇರಿದಂತೆ ಅದರ ಮೈ ಕಾಯುತ್ತದೆ, ತಣಿಯಲು ನೀರೋ ಕೆಸರೋ ಬೇಕೇ ಬೇಕು. ಅದು ನೀರಿಗೆ ಎಳೆಯುವುದು ಹಟಕ್ಕಲ್ಲ. ಕೋಣ ಹೂಡಿ ಗೊತ್ತಿರುವವನು ಬೆಳಗಿನ ಜಾವಕ್ಕೇ ಹೂಡಿ, ಬಿಸಿಲೇರುವ ಮುಂಚೆ ಬಿಟ್ಟು, ತಾನೇ ನೀರಿಗೆ ಹೊಡೆದುಕೊಂಡು ಹೋಗುತ್ತಾನೆ. ನಿಮ್ಮ ಎರಡನೆಯ ಸಂಗಾತಿ ಹದಿನೆಂಟು ತಿಂಗಳು ಬಿಸಿಲಿನಲ್ಲಿ ನಡೆದು ಕೊನೆಗೆ ನೀರಿಗೆ ಎಳೆದರು ಎಂದು ನನಗೆ ತೋರುತ್ತದೆ.

ಹಾಗಾದರೆ ನೀವು ಒಬ್ಬ ಮನುಷ್ಯನಿಂದ ಏನನ್ನು ಕೇಳುತ್ತಿದ್ದೀರಿ? "ಬೆಂಬಲ" ಎಂಬ ಪದದಲ್ಲಿ ಅದು ಗೊತ್ತಾಗುವುದಿಲ್ಲ, ಲೆಕ್ಕ ಹಾಕಬೇಕು. ಒಂದು ಎಕರೆಯನ್ನು 20 ಸೆಂಟಿಮೀಟರ್ ಅಗಲದ ಸಾಲಿನ ನೇಗಿಲಿನಿಂದ ಉಳಲು ಸುಮಾರು 20 ಕಿಲೋಮೀಟರ್ ನಡೆಯಬೇಕು, ತಿರುವುಗಳನ್ನು ಬಿಟ್ಟು. ಎತ್ತುಗಳು ಉಳುವಾಗ ಗಂಟೆಗೆ ಎರಡೂವರೆ ಕಿಲೋಮೀಟರ್ ಹೋದರೆ ಒಳ್ಳೆಯ ನಡಿಗೆ. ಅಂದರೆ ಎಂಟು ಗಂಟೆಯ ಕೆಲಸ. ಎತ್ತುಗಳನ್ನು ದಿನಕ್ಕೆ ಐದಾರು ಗಂಟೆಗಿಂತ ಹೆಚ್ಚು ದುಡಿಸಬಾರದು. ತಿನ್ನುವುದಕ್ಕೆ ಹೊತ್ತು ಬೇಕು, ತಿಂದದ್ದನ್ನು ಮಲಗಿ ಮೆಲುಕು ಹಾಕುವುದಕ್ಕೆ ಇನ್ನೂ ಹೆಚ್ಚು ಹೊತ್ತು ಬೇಕು. ಹೀಗಿರುವಾಗ "ಇವತ್ತು ಆ ಎಕರೆ ಮುಗಿಸಿ ಸಂಜೆ ಬರುತ್ತೇನೆ, ಹೊರಗೆ ಹೋಗೋಣ" ಎಂದು ಹೇಳಿದ ಕ್ಷಣವೇ ನೀವು ಮಾತು ತಪ್ಪಿದ್ದೀರಿ. ಇಂಥ ಮಾತುಗಳನ್ನು ಎಷ್ಟು ಸಲ ಕೊಟ್ಟಿದ್ದೀರಿ ಎಂದು ನೆನಪಿಸಿಕೊಳ್ಳಿ. ನಾನಂತೂ ಲೆಕ್ಕವಿಲ್ಲದಷ್ಟು ಸಲ ಕೊಟ್ಟಿದ್ದೇನೆ.

ಇನ್ನು ಹೂಡದ ದಿನಗಳು. ನಾಲ್ಕು ಎಕರೆಗೆ ಎತ್ತುಗಳು ದುಡಿಯುವುದು ವರ್ಷದಲ್ಲಿ ನೂರು ದಿನವೂ ಇರಲಿಕ್ಕಿಲ್ಲ. ತಿನ್ನುವುದು 365 ದಿನ. ಮೇವು ಹಾಕುವುದು, ನೀರು ಕುಡಿಸುವುದು, ಸಗಣಿ ಬಾಚುವುದು, ಮೈ ಉಜ್ಜುವುದು ಎಲ್ಲ ಸೇರಿ ದಿನಕ್ಕೆ ಎರಡು ಗಂಟೆ ಎಂದಿಟ್ಟುಕೊಳ್ಳಿ. ಕುದುರೆಯ ಗೊರಸನ್ನು ಆರರಿಂದ ಎಂಟು ವಾರಕ್ಕೊಮ್ಮೆ ಕತ್ತರಿಸಬೇಕು, ಕೆಲಸದ ದಿನ ಹೂಡುವ ಮುಂಚೆಯೂ ಬಿಚ್ಚಿದ ಮೇಲೆಯೂ ಎತ್ತಿ ನೋಡಬೇಕು. ಕುದುರೆಯ ಹೊಟ್ಟೆ ಎತ್ತಿನದರಂತೆ ದೊಡ್ಡ ಉಗ್ರಾಣವಲ್ಲ. ಮೈಗೆ ಹೋಲಿಸಿದರೆ ಚಿಕ್ಕದು, ಸ್ವಲ್ಪ ಸ್ವಲ್ಪವಾಗಿ ಹಲವು ಸಲ ತಿನ್ನಬೇಕಾದದ್ದು. ಹೊಟ್ಟೆನೋವು ಬಂದರೆ ಆ ರಾತ್ರಿ ನಿಮ್ಮದಲ್ಲ. ಎತ್ತು ಮೂರು ನಾಲ್ಕು ವರ್ಷಕ್ಕೆ ನೊಗ ಹೊತ್ತು ಹನ್ನೆರಡರವರೆಗೆ, ಚೆನ್ನಾಗಿ ನೋಡಿಕೊಂಡರೆ ಇನ್ನೂ ಮುಂದಕ್ಕೆ ದುಡಿಯುತ್ತದೆ. ಕುದುರೆ ಇಪ್ಪತ್ತು ದಾಟಿಯೂ ಬದುಕುತ್ತದೆ. ಬರುವವರು ನಿಮ್ಮ ಜೊತೆಗೆ ಈ ವರ್ಷಗಳನ್ನೂ ಕಟ್ಟಿಕೊಳ್ಳುತ್ತಾರೆ. ಅವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ, ಹೇಳಬೇಕಾದವರು ನೀವು.

ಇದರಲ್ಲಿ ಇನ್ನೊಂದು ತೊಡಕಿದೆ. ಉತ್ತರ ಅಮೆರಿಕದಲ್ಲಿ ಆಮಿಶ್ ಎಂಬ ಸಾಂಪ್ರದಾಯಿಕ ಕ್ರೈಸ್ತ ಸಮುದಾಯವಿದೆ. ಅದರ ಹಳೆಯ ಪಂಥದಲ್ಲಿ ಬೇಸಾಯ ಮಾಡುವವರು ಇಂದಿಗೂ ಕುದುರೆ, ಹೇಸರಗತ್ತೆ ಹೂಡಿಯೇ ಉಳುತ್ತಾರೆ. ಅಲ್ಲಿ ಯಾರೂ ಇಂಥ ಪತ್ರ ಬರೆಯಲಿಕ್ಕಿಲ್ಲ. ಇಡೀ ಸಮುದಾಯವೇ ಕುದುರೆಯ ವೇಗದಲ್ಲಿ ಬದುಕುತ್ತದೆ, ಗಂಡನಿಗೂ ಹೆಂಡತಿಗೂ ಹೋಲಿಸಿಕೊಳ್ಳಲು ತಮ್ಮವರ ನಡುವೆ ಬೇರೆ ಬದುಕಿಲ್ಲ. ಕ್ಯೂಬಾದಲ್ಲಿ 1991ರಲ್ಲಿ ಸೋವಿಯತ್ ಒಕ್ಕೂಟ ಕುಸಿದ ಮೇಲೆ ಡೀಸೆಲ್ಲೂ ಬಿಡಿಭಾಗವೂ ಸಿಗದೆ ಟ್ರ್ಯಾಕ್ಟರುಗಳು ನಿಂತವು, ಸರ್ಕಾರವೇ ಮುಂದೆ ನಿಂತು ಎತ್ತುಗಳನ್ನು ಪಳಗಿಸಿತು. ಅಲ್ಲಿಯೂ ಎತ್ತು ಹೂಡಿದವನನ್ನು ಮನೆಯವರು "ಇದೇಕೆ ನಿನಗೆ" ಎಂದು ಕೇಳಿರಲಾರರು, ಏಕೆಂದರೆ ಬೇರೆ ದಾರಿ ಇರಲಿಲ್ಲ. ನಿಮ್ಮದು ಹಾಗಲ್ಲ. ಟ್ರ್ಯಾಕ್ಟರ್ ಸಿಗುವ ಕಡೆ ಇದ್ದುಕೊಂಡು ಎತ್ತುಗಳನ್ನು ಆರಿಸಿಕೊಂಡಿದ್ದೀರಿ. ಅನಿವಾರ್ಯಕ್ಕೆ ಮನೆಯವರು ಹೆಗಲು ಕೊಡುತ್ತಾರೆ. ಆಯ್ಕೆಗೆ ಹೆಗಲು ಕೊಡುವ ಮುಂಚೆ "ನನ್ನ ಆಯ್ಕೆಗಳ ಗತಿ ಏನು" ಎಂದು ಕೇಳುತ್ತಾರೆ. ಕೇಳಬೇಕಾದದ್ದೇ.

ಇಷ್ಟು ಹೇಳಿದ ಮೇಲೆ ನಿಮ್ಮ ಪ್ರಶ್ನೆಗೆ ನೇರ ಉತ್ತರ: ಸಿಗುತ್ತಾರೆ. ಆದರೆ ನೀವು ಹುಡುಕುತ್ತಿರುವುದು ಎತ್ತುಗಳನ್ನು ಪ್ರೀತಿಸುವವರನ್ನು. ಅದು ಬೇಕಾಗಿಲ್ಲ. ಎತ್ತುಗಳಿಗಾಗಿ ದಿನ ಹೇಗೆ ಮುರಿಯುತ್ತದೆ ಎಂಬುದನ್ನು ಸಹಿಸಬಲ್ಲ, ಆ ಹೊತ್ತಿನಲ್ಲಿ ಮಾಡಲು ತನ್ನದೇ ಕೆಲಸವೋ ಹುಚ್ಚೋ ಇರುವ ಮನುಷ್ಯನನ್ನು ಹುಡುಕಿ.

ನನ್ನ ಹೆಂಡತಿ ಇಪ್ಪತ್ತಾರು ವರ್ಷಗಳಲ್ಲಿ ಒಮ್ಮೆಯೂ ನೇಗಿಲು ಹಿಡಿದಿಲ್ಲ. ಅವಳದು ಲೆಕ್ಕಪತ್ರದ ಕೆಲಸ. ಸಂಜೆ ಕೊಟ್ಟಿಗೆಯ ಮೆಟ್ಟಿಲ ಮೇಲೆ ಕುಳಿತು ಪತ್ರಿಕೆ ಓದುತ್ತಾಳೆ, ಅಷ್ಟೇ. ಒಂದು ರಾತ್ರಿ ನಾನು ದಣಿದು ಮಲಗಿದ್ದೆ. ಅವಳು ಬಂದು ಎಬ್ಬಿಸಿ, "ಬಲಗಡೆಯದು ಸದ್ದು ಮಾಡುತ್ತಿಲ್ಲ" ಎಂದಳು. ಯಾವ ಸದ್ದು ಎಂದು ನನಗೆ ತಿಳಿಯಲಿಲ್ಲ. ಮೆಲುಕಿನ ಸದ್ದು! ವರ್ಷಗಟ್ಟಲೆ ಓದುತ್ತಾ ಕುಳಿತವಳ ಕಿವಿಗೆ ಆ ಕಟಕಟ ಅಭ್ಯಾಸವಾಗಿತ್ತು, ನಿಂತದ್ದು ತಟ್ಟನೆ ಗೊತ್ತಾಯಿತು. ಟಾರ್ಚ್ ಹಿಡಿದು ಹೋದರೆ ಎತ್ತಿನ ಎಡಪಕ್ಕೆಯ ಗುಳಿ ಮುಚ್ಚಿ ಡೋಲಿನಂತೆ ಉಬ್ಬಿತ್ತು, ಬೆರಳಿನಿಂದ ಬಡಿದರೆ ಡಬಡಬ ಎನ್ನುತ್ತಿತ್ತು. ಮುಂಗಾಲು ಎತ್ತರಕ್ಕೆ ಬರುವಂತೆ ಇಳಿಜಾರಿನಲ್ಲಿ ನಿಲ್ಲಿಸಿ ವೈದ್ಯರನ್ನು ಕರೆಸಿದೆವು. ಅವರು ಬಾಯಿಯಿಂದ ಹೊಟ್ಟೆಗೆ ಕೊಳವೆ ಇಳಿಸಿ ಗಾಳಿ ಬಿಟ್ಟರು. ಬೆಳಗಿನವರೆಗೆ ಬಿಟ್ಟಿದ್ದರೆ ಎತ್ತು ಉಳಿಯುತ್ತಿರಲಿಲ್ಲ. ಹೆಂಡತಿ ಮೂಗು ಮುಚ್ಚಿಕೊಂಡೇ ಟಾರ್ಚ್ ಹಿಡಿದಿದ್ದಳು, ಮರುದಿನ ಎಂದಿನಂತೆ ಕಚೇರಿಗೆ ಹೋದಳು. ಬೆಂಬಲ ಎಂದರೆ ನನಗೆ ಆ ರಾತ್ರಿ ನೆನಪಾಗುತ್ತದೆ. ಎತ್ತಿನ ಕೊರಳು ತಬ್ಬಿ ಫೋಟೋ ತೆಗೆಸಿಕೊಂಡವರು ಯಾರೂ ನೆನಪಾಗುವುದಿಲ್ಲ.

ಹಾಗಾದರೆ ಜೊತೆಗೆ ದುಡಿಯಲೇಬಾರದೇ ಎಂದು ಕೇಳಬಹುದು. ದುಡಿಯಲಿ, ಆದರೆ ಸಮಪಾಲು ಎಂದು ಹಟ ಹಿಡಿಯಬೇಡಿ. ನೊಗದ ಲೆಕ್ಕ ನಿಮಗೆ ಗೊತ್ತಿರಬೇಕು. ಎರಡು ಕೊರಳುಗಳ ನಡುವೆ 120 ಸೆಂಟಿಮೀಟರ್ ಇದ್ದು, ಎಳೆತದ ಗೂಟ ಸರಿಯಾಗಿ ನಡುವೆ ಇದ್ದರೆ ಎರಡೂ ಎತ್ತಿಗೆ ಅರ್ಧರ್ಧ ಭಾರ. ಗೂಟವನ್ನು ಬಲಶಾಲಿ ಎತ್ತಿನ ಕಡೆಗೆ ಆರು ಸೆಂಟಿಮೀಟರ್ ಸರಿಸಿದರೆ ಅದರ ಪಾಲು ನೂರಕ್ಕೆ 55, ಸೋಲುವ ಎತ್ತಿನ ಪಾಲು 45. ಜೋಡಿ ಆಮೇಲೆ ನೇರವಾಗಿ ನಡೆಯುತ್ತದೆ. ಅರ್ಧರ್ಧವೇ ನ್ಯಾಯ ಎಂದು ಗೂಟವನ್ನು ನಡುವೆಯೇ ಬಿಟ್ಟರೆ ಸೋಲುವ ಎತ್ತು ಹಿಂದೆ ಬೀಳುತ್ತದೆ, ನೊಗ ಓರೆಯಾಗುತ್ತದೆ, ಎರಡರ ಹೆಗಲೂ ಉಜ್ಜಿ ಹುಣ್ಣಾಗುತ್ತದೆ. ಕೊಟ್ಟಿಗೆಯ ಕೆಲಸದಲ್ಲಿ ನೀವು ಬಲಶಾಲಿ. ಗೂಟ ನಿಮ್ಮ ಕಡೆಗೆ ಸರಿಯಲಿ. ಮನೆಯ ಹಣಕಾಸೋ ಅಡುಗೆಯೋ ಅವರದಾದರೆ ಅಲ್ಲಿ ಅವರ ಕಡೆಗೆ ಸರಿಯಲಿ.

ಎಲ್ಲಿ ಹುಡುಕುವುದು ಎಂಬ ಬಗ್ಗೆ ನನಗೆ ಹೇಳಲು ಹೆಚ್ಚೇನೂ ಇಲ್ಲ. ಎತ್ತು ಕುದುರೆ ಪಳಗಿಸುವ ತರಬೇತಿ ಶಿಬಿರಗಳು, ಉಳುಮೆಯ ಮೇಳಗಳು, ಬೀಜ ವಿನಿಮಯದ ಕೂಟಗಳು, ಇವಕ್ಕೆಲ್ಲ ಹೋಗಿ. ಆದರೆ ಎತ್ತು ಹೂಡುವವರೇ ಬೇಕು ಎಂದು ಅಲ್ಲಿಗೆ ಮಾತ್ರ ಹೋಗಬೇಡಿ. ನಾನು ಕಂಡ ಅತ್ಯಂತ ಘೋರ ಜಗಳಗಳು ಇಬ್ಬರೂ ಪ್ರಾಣಿ ಪಳಗಿಸುವವರಾಗಿದ್ದ ಮನೆಗಳಲ್ಲೇ ನಡೆದವು: ಬಾರುಕೋಲು ಮುಟ್ಟಬೇಕೋ ಬೇಡವೋ, ಮೂಗುದಾರ ಕ್ರೌರ್ಯವೋ ಅಲ್ಲವೋ, ಹೋರಿಗೆ ಎಷ್ಟನೆಯ ವಯಸ್ಸಿಗೆ ನೊಗ ತೋರಿಸಬೇಕು. ಇಬ್ಬರೂ ತಜ್ಞರಾದರೆ ಸೋಲುವವರು ಯಾರೂ ಇರುವುದಿಲ್ಲ, ಅದು ದೊಡ್ಡ ಕಷ್ಟ. ರಾತ್ರಿಪಾಳಿಯ ನರ್ಸು, ಬೇಕರಿಯವರು, ಹೈನುಗಾರರು, ಮೀನುಗಾರರು, ಸಂಗೀತಗಾರರು, ಇಂಥವರನ್ನು ಗಮನಿಸಿ. ಗಡಿಯಾರ ತನ್ನ ಕೈಯಲ್ಲಿಲ್ಲದ ಕೆಲಸ ಹೇಗಿರುತ್ತದೆ ಎಂದು ಅವರಿಗೆ ವಿವರಿಸಬೇಕಾಗಿಲ್ಲ.

ಪರಿಚಯದ ತಾಣದಲ್ಲಿ ಫೋಟೋ ಹಾಕುವುದಾದರೆ ಸಿಂಗರಿಸಿದ ಎತ್ತುಗಳ ಪಕ್ಕ ನಿಂತದ್ದು ಬೇಡ. ಮೊಣಕಾಲಿನವರೆಗೆ ಕೆಸರಾಗಿರುವುದನ್ನು ಹಾಕಿ. ಕೆಳಗೆ ಎರಡೇ ಸಾಲು: ಬೆಳಗ್ಗೆ ಐದಕ್ಕೆ ಏಳುತ್ತೇನೆ, ಸಂಜೆ ಆರರಿಂದ ಏಳು ಕೊಟ್ಟಿಗೆಯಲ್ಲಿರುತ್ತೇನೆ, ಅದಾದ ಮೇಲೆ ಬಿಡುವು. ಆ ಬಿಡುವು ನಿಜವಾಗಿಯೂ ಇರಬೇಕು. ಇಲ್ಲದಿದ್ದರೆ ಬರೆಯಬೇಡಿ.

ಮೊದಲ ಸಲ ಮನೆಗೆ ಕರೆಯುವಾಗ ಎಲ್ಲರೂ ಮಾಡುವ ತಪ್ಪೆಂದರೆ ಸೂರ್ಯಾಸ್ತದ ಹೊತ್ತಿಗೆ ಗಾಡಿ ಸವಾರಿ. ಯಾರಿಗೆ ಇಷ್ಟವಾಗುವುದಿಲ್ಲ ಅದು? ಮಳೆ ಹನಿಯುತ್ತಿರುವ ಒಂದು ಮಾಮೂಲಿ ಬೆಳಗ್ಗೆ ಕರೆಯಿರಿ. ಸಗಣಿ ಬಾಚಿ, ಮೇವು ಹಾಕಿ, ಕೊಟ್ಟಿಗೆ ಮುಗಿಯುವವರೆಗೆ ಅವರು ಪಕ್ಕದಲ್ಲಿರಲಿ. ಹೆದರುತ್ತಾರೋ ಇಲ್ಲವೋ ಎಂದು ಅಳೆಯಬೇಡಿ. ನಾನೂರು ಕಿಲೋ ತೂಗುವ ಪ್ರಾಣಿಗೆ ಹೆದರುವುದು ಬುದ್ಧಿವಂತಿಕೆ. ಹೆದರದವರ ಪಕ್ಕೆಲುಬುಗಳೇ ಮುರಿಯುವುದು. ನೋಡಬೇಕಾದದ್ದು ಬೇರೆ. ತೆರೆದ ಗೇಟನ್ನು ಮುಚ್ಚಿ ಬಂದರೇ? ಒಳಗೆ ಬರಬಹುದೇ ಎಂದು ಕೇಳಿದರೇ? "ಇದು ನನ್ನಿಂದ ಆಗುವುದಿಲ್ಲ" ಎಂದು ಮುಖ ನೋಡಿ ಹೇಳಿದರೇ? ಈ ಮೂರನೆಯದು ಹೇಳಬಲ್ಲವರನ್ನು ಸುಲಭವಾಗಿ ಬಿಟ್ಟುಕೊಡಬೇಡಿ. ಎಲ್ಲಕ್ಕೂ ತಲೆಯಾಡಿಸುವವರೇ ಹದಿನೆಂಟು ತಿಂಗಳ ನಂತರ ಬಾಗಿಲು ಹಾಕಿಕೊಂಡು ಹೋಗುವುದು.

ಕರೆದ ಮೇಲೆ ಅವರ ಜೀವ ನಿಮ್ಮ ಹೊಣೆ. ಕುದುರೆಗೆ ಸುತ್ತಲೂ ಹೆಚ್ಚುಕಡಿಮೆ ಎಲ್ಲವೂ ಕಾಣುತ್ತದೆ, ನೇರ ಹಿಂದೆ ಮತ್ತು ಹಣೆಯ ಮುಂದೆ ಒಂದಿಷ್ಟು ಜಾಗವನ್ನು ಬಿಟ್ಟು. ಆದ್ದರಿಂದ ಮಾತನಾಡುತ್ತಾ ಭುಜದ ಕಡೆಯಿಂದ ಬರಬೇಕು. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬಾರದು. ಪ್ರಾಣಿಗೂ ಗೋಡೆಗೂ ನಡುವೆ ನಿಲ್ಲಬಾರದು. ಈ ಮೂರನ್ನು ಗೇಟಿನ ಹೊರಗೇ ಹೇಳಿಬಿಡಿ. ಒಳಗೆ ಹೋದ ಮೇಲೆ ಕಿರುಚಿ ಹೇಳಬೇಡಿ.

ಕಿರುಚುವುದು ಎಂದಾಗ ನೆನಪಾಯಿತು. ಎತ್ತುಗಳಿಗೆ ಹೇಳುವ ದನಿ ಮೆಲ್ಲನೆ ಮನೆಯೊಳಗೂ ಬಂದುಬಿಡುತ್ತದೆ. ಚಿಕ್ಕ ಚಿಕ್ಕ ಮಾತು, ಗಟ್ಟಿ ದನಿ, ಉತ್ತರದ ನಿರೀಕ್ಷೆಯೇ ಇಲ್ಲ: "ನಿಲ್ಲು." "ಹಿಂದೆ ಸರಿ." "ಅದಲ್ಲ, ಇದು." ಮದುವೆಯಾದ ಹೊಸದರಲ್ಲಿ ಹೆಂಡತಿ ಒಂದು ದಿನ ನನ್ನ ಮುಂದೆ ಮೂಗುದಾರದ ಹಗ್ಗ ತಂದಿಟ್ಟು ಸುಮ್ಮನೆ ನಿಂತಳು. ನನಗೆ ಅರ್ಥವಾಗಲು ಅರ್ಧ ನಿಮಿಷ ಹಿಡಿಯಿತು. ಈಗಲೂ ಉಳುಮೆಯ ದಿನಗಳಲ್ಲಿ ಮನೆಯೊಳಗೆ ಬರುವ ಮುಂಚೆ ಹೊರಗೆ ಸ್ವಲ್ಪ ಹೊತ್ತು ಕುಳಿತು ದನಿ ಇಳಿಸಿಕೊಂಡು ಬರುತ್ತೇನೆ.

ಹೊಸಬರು ಬರುವ ಮುಂಚೆ ನೀವೇ ಮುಗಿಸಬೇಕಾದ ಕೆಲಸವೊಂದಿದೆ. ಕೆಂಚ, ಬಿಳಿಯ "ನನ್ನ ಮಾತು ಬಿಟ್ಟು ಬೇರೆ ಯಾರ ಮಾತನ್ನೂ ಕೇಳುವುದಿಲ್ಲ" ಎಂದು ನೀವು ಹೆಮ್ಮೆಯಿಂದ ಬರೆದಿದ್ದೀರಿ. ಅದು ಪಳಗಿಸಿದವರ ಹೆಮ್ಮೆಯಲ್ಲ, ಪಳಗಿಸುವುದರಲ್ಲಿ ಉಳಿದ ಕೊರತೆ. ಒಬ್ಬರ ದನಿಗೆ ಮಾತ್ರ ನಿಲ್ಲುವ ಎತ್ತು ಆ ಒಬ್ಬರಿಗೆ ಜ್ವರ ಬಂದರೆ ಏನು ಮಾಡುತ್ತದೆ? ನೆರೆಯಲ್ಲಿ ಒಬ್ಬರನ್ನೋ ಇಬ್ಬರನ್ನೋ ಗೊತ್ತು ಮಾಡಿಕೊಂಡು, ವಾರಕ್ಕೆರಡು ಸಲ ಅವರ ಕೈಯಲ್ಲಿ ಬಿಚ್ಚಿ ಕಟ್ಟಿಸಿ, ನೀರಿಗೆ ಹೊಡೆಸಿ. ಮೊದಮೊದಲು ನೀವು ಪಕ್ಕದಲ್ಲಿರಿ, ಆಮೇಲೆ ದೂರ ಸರಿಯಿರಿ. ಮೇವಿನ ಅಳತೆ, ನೀರಿನ ಹೊತ್ತು, ವೈದ್ಯರ ಸಂಖ್ಯೆ, ತಾರೆ ಬೆದರುವ ತಿರುವು, ಎಲ್ಲವನ್ನೂ ರಟ್ಟಿನ ಮೇಲೆ ಬರೆದು ಕೊಟ್ಟಿಗೆಯ ಕಂಬಕ್ಕೆ ಕಟ್ಟಿ. ವಾರದಲ್ಲಿ ಒಂದು ಸಂಜೆ ಆ ನೆರೆಯವರದು, ಸಂಬಳ ಕೊಟ್ಟಾದರೂ ಸರಿ. ನೀವು ಇಲ್ಲದೆಯೂ ಒಂದು ಸಂಜೆ ಕೊಟ್ಟಿಗೆ ನಡೆಯುತ್ತದೆ ಎಂಬುದನ್ನು ಬರುವವರು ಕಣ್ಣಾರೆ ಕಾಣಬೇಕು.

ಹಣದ ಮಾತು ಚುಟುಕಾಗಿ ಮುಗಿಸುತ್ತೇನೆ: ಪ್ರಾಣಿಗಳ ಖರ್ಚಿಗೆ ಬೇರೆಯೇ ಖಾತೆ ಇರಲಿ, ವೈದ್ಯರಿಗೆಂದು ಅದರಲ್ಲೇ ಒಂದಿಷ್ಟು ಮೀಸಲು ಇರಲಿ. ಮನೆಯ ಹಣ ಮಾತಿಲ್ಲದೆ ಮೇವಿಗೆ ಹೋಗಬಾರದು.

ಮುದಿ ಎತ್ತಿನ ಮಾತು ಅಷ್ಟು ಚುಟುಕಲ್ಲ. ಬಿಳಿಯನಿಗೆ ಹದಿಮೂರು ಎಂದು ಬರೆದಿದ್ದೀರಿ. ಇನ್ನೆರಡು ವರ್ಷದಲ್ಲಿ ಅದು ನೊಗಕ್ಕೆ ಆಗುವುದಿಲ್ಲ. ಆಮೇಲೆ? ಸಾಯುವವರೆಗೆ ಸಾಕುವಿರೋ, ಹಗುರ ಕೆಲಸದವರಿಗೆ ಕೊಡುವಿರೋ, ಮಾರುವಿರೋ? ಪ್ರಾಣಿಗಳ ಜೊತೆ ದುಡಿಯುವವರ ಮನೆಗಳಲ್ಲಿ ಇಷ್ಟು ಆಳದ ಜಗಳ ಬೇರೊಂದಿಲ್ಲ. ಒಬ್ಬರಿಗೆ ಅದು ಹನ್ನೆರಡು ವರ್ಷ ಅನ್ನ ಕೊಟ್ಟ ಜೀವ. ಇನ್ನೊಬ್ಬರಿಗೆ ದುಡಿಯದೆ ತಿನ್ನುವ ಬಾಯಿ, ಮೇಲಾಗಿ ಅದರ ಜಾಗಕ್ಕೆ ಹೊಸ ಹೋರಿ ಬೇರೆ ಬರಬೇಕು. ಎರಡು ಎತ್ತಿನ ಕೊಟ್ಟಿಗೆ ಮೂರಾಗುತ್ತದೆ, ನಾಲ್ಕಾಗುತ್ತದೆ. ಯಾವ ಉತ್ತರ ಸರಿ ಎಂದು ನಾನು ಹೇಳಲಾರೆ. ನಾನು ಸಾಕಿದೆ, ಅದರ ಬೆಲೆಯನ್ನು ಮನೆಯವರೂ ತೆತ್ತರು. ಆದರೆ ಒಬ್ಬರ ಜೊತೆ ಬಾಳುವ ಮಾತು ಬಂದಾಗ, ಮಕ್ಕಳ ಬಗ್ಗೆ ಮಾತನಾಡುವ ಹೊತ್ತಿಗೇ ಈ ಮಾತನ್ನೂ ಆಡಿ ಮುಗಿಸಿ. ಬಿಳಿಯ ಮಲಗಿದಲ್ಲಿಂದ ಏಳಲಾರದ ದಿನ ಆಡುವ ಮಾತಲ್ಲ ಅದು.

ಕೊನೆಗೆ ಟ್ರ್ಯಾಕ್ಟರ್. ಎಲ್ಲವನ್ನೂ ಮಾರಿ ಎಂದು ನಾನು ಹೇಳುವುದಿಲ್ಲ. ಹಾಗೆ ಮಾರಿದವರು ಆ ಸಿಟ್ಟನ್ನು ಸಂಗಾತಿಯ ಮೇಲೆ ತೀರಿಸಿಕೊಳ್ಳುವುದನ್ನು ಕಂಡಿದ್ದೇನೆ. ಆದರೆ ವರ್ಷದ ಮೊದಲ ಆಳದ ಉಳುಮೆಗೆ ಒಂದು ದಿನ ಬಾಡಿಗೆ ಟ್ರ್ಯಾಕ್ಟರ್ ಬಂದರೆ ನಿಮ್ಮ ಎತ್ತುಗಳಿಗೆ ಅವಮಾನವಾಗುವುದಿಲ್ಲ. ನಾಲ್ಕು ಎಕರೆ ಎಂದರೆ 80 ಕಿಲೋಮೀಟರ್ ನಡಿಗೆ, ಹೆಚ್ಚುಕಡಿಮೆ ಒಂದು ವಾರ. ಹದವಾದ ನೆಲದಲ್ಲಿ ಕುಂಟೆ, ಬಿತ್ತನೆ, ಸಾಲಿನ ನಡುವಿನ ಕಳೆ, ಗೊಬ್ಬರದ ಗಾಡಿ, ಇವೆಲ್ಲ ಕೆಂಚ, ಬಿಳಿಯ, ತಾರೆಗೇ ಇರಲಿ. ಮುದಿಯಾಗುತ್ತಿರುವ ಬಿಳಿಯನಿಗೂ ಅದರಿಂದ ಒಳ್ಳೆಯದು. ಉಳಿದ ಆ ವಾರದಲ್ಲಿ ಮೊದಲು ನೆರೆಯವರ ಕೈಗೆ ಹಗ್ಗ ಕೊಟ್ಟು ನೋಡಿ, ನೀವು ಬೇಲಿಯ ಆಚೆ ನಿಂತು. ಕೂಗಿ ಹೇಳಬೇಕೆನಿಸುತ್ತದೆ. ಕೂಗಬೇಡಿ.